ಅತ್ತೆ ಯಾದಗಿರಿಗೆ ಹೋದದ್ದು

ಸೀತಾಫಲ ಹಣ್ಣಾಗುವಾಗಿನ ವಾಸನೆ, ಬಿಸಿ ಹುಲ್ಲಿನದೂ ಹಾಲಿನದೂ ಬೆರೆತದ್ದು, ಈಗಲೂ ಯಾವುದಾದರೂ ಅಂಗಡಿಯ ಮುಂದೆ ಮೂಗಿಗೆ ಬಡಿದರೆ ಸುರಪುರದ ನಮ್ಮ ಮನೆಯ ಹಿಂದಿನ ಕೋಣೆ ಕಣ್ಣೆದುರು ನಿಲ್ಲುತ್ತದೆ. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ನಿಮ್ಮ ಪಾಲಿಗೂ ಅಂಥದೊಂದು ಕೋಣೆ ಇದ್ದಿರಬೇಕು. ಅಪ್ಪನ ತಂಗಿ ನೀಲವ್ವ, ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದವಳು, ಓಣಿಯ ಹೆಂಗಸರೊಂದಿಗೆ ನಸುಕಿನಲ್ಲೇ ಗುಡ್ಡ ಹತ್ತಿ, ಬಲಿತು ಕಣ್ಣು ಬಿಟ್ಟ ಕಾಯಿಗಳನ್ನು ಕಿತ್ತು ತಂದು ಅಲ್ಲಿ ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದಳು. ಸಣ್ಣ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವುದು ಹೆಂಗಸರ ಪಾಲು. ದಪ್ಪ ಹಣ್ಣನ್ನು ಕ್ರೇಟಿಗೆ ತುಂಬಿ ಯಾದಗಿರಿಯ ಸಗಟು ವ್ಯಾಪಾರಿಗೆ ಕೊಡುವುದು ಗಂಡಸರದು. ಹಾಗೆಂದು ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಹಾಗೇ ನಡೆಯುತ್ತಿದ್ದರು.

ಒಂದು ವರ್ಷ ಅಪ್ಪ ಕಾಲು ಮುರಿದುಕೊಂಡು ಮಲಗಿದ. ಹಣ್ಣು ಕಾಯುವುದಿಲ್ಲವಲ್ಲ. ಅತ್ತೆ ಟೆಂಪೋದಲ್ಲಿ ಕ್ರೇಟುಗಳನ್ನು ಹೇರಿಸಿ, ನನ್ನನ್ನೂ ಹತ್ತಿಸಿಕೊಂಡು ತಾನೇ ಹೊರಟಳು. ವ್ಯಾಪಾರಿ ಹಣ್ಣಿನತ್ತ ನೋಡಲೂ ಇಲ್ಲ. "ಹೆಣ್ಮಕ್ಕಳ ಕೂಡ ಏನ್ ವ್ಯಾಪಾರ ಮಾಡೂದವಾ? ಗಂಡಸರನ್ನ ಕಳಸು" ಎಂದ. ಬಿಸಿಲೇರಿತು, ಹಣ್ಣು ಮೆತ್ತಗಾಗತೊಡಗಿತು. ಸ್ಟೇಷನ್ ರಸ್ತೆಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು, ಕ್ರೇಟುಗಳನ್ನು ಇಳಿಸಿಕೊಂಡು ನಿಂತ ನಮ್ಮನ್ನು ನೋಡಿ, "ಬಾಜೂಕ ಕುಂದ್ರ ಬೇಟಿ, ರಸ್ತಾ ಯಾರಪ್ಪಂದೂ ಅಲ್ಲ" ಎಂದು ಗೋಣಿಚೀಲ ಹಾಸಿಕೊಟ್ಟಳು. ಸಂಜೆಯೊಳಗೆ ಒಂದು ಹಣ್ಣೂ ಉಳಿಯಲಿಲ್ಲ. ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೆನ್ನೆ ಹಿಂಡಿ ಹಿಂಡಿ ನಕ್ಕಳು. ಆಕೆ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಊರಿನವರಾರೋ ನೋಡಿ ಮನೆಗೆ ಫೋನು ಮಾಡಿದ್ದರು. "ಬಜಾರದಾಗ ಕುಂತು ನನ್ನ ಮಾನ ಕಳದಿ" ಎಂದ ಅಪ್ಪ, ಹಾಸಿಗೆಯಿಂದಲೇ.

"ಅಣ್ಣಾ, ಬುಟ್ಟಿ ಹೊತ್ತು ಮಂದಿ ಬಾಗಲಾ ತಿರಗಿದ್ರ ಹೋಗದ ಮಾನ, ಒಂದ್ ಕಡಿ ಕುಂತ್ರ ಹೋಗ್ತದೇನು?" ಎಂದಳು ಅತ್ತೆ.

ಅಪ್ಪ ಗೋಡೆಯತ್ತ ಮುಖ ತಿರುಗಿಸಿದ. ಮರುದಿನದಿಂದ ಅತ್ತೆ ಗುಡ್ಡ ಬಿಟ್ಟು ಹತ್ತಿ ಬಿಡಿಸುವ ಕೂಲಿಗೆ ಹೋದಳು. ಅವನನ್ನು ಅಣ್ಣಾ ಎಂದು ಕರೆಯುವುದನ್ನೂ ಬಿಟ್ಟಳು. ಮುಂದಿನ ವರ್ಷ ಅಪ್ಪನೇ, "ಈ ಸಲ ಯಾದಗಿರಿಗಿ ನೀನ ಹೋಗವಾ" ಎಂದಾಗ ಕೇಳಿಸದವಳಂತೆ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಒಂದು ದಿನವೂ ತಪ್ಪಿಸಲಿಲ್ಲ. ಮಾತು ಮಾತ್ರ ಆಡಲಿಲ್ಲ.

ಎಷ್ಟೋ ವರ್ಷದ ಮೇಲೆ ಅಪ್ಪ ಸಾಯುವ ದಿನ ತಲೆದೆಸೆಯಲ್ಲಿ ಕುಳಿತವಳು ಅವಳೇ. "ಒಮ್ಮಿ ಅಣ್ಣಾ ಅನ್ನು, ನೀಲೂ" ಎಂದ. ಅವಳ ತುಟಿಗಳು ಅಲುಗಿದವು, ದನಿ ಬರಲಿಲ್ಲ. ಸೆರಗಿನಿಂದ ಅವನ ಬಾಯಿ ಒರೆಸಿದಳು. ಮಣ್ಣು ಮಾಡಿ ಬಂದವರೆಲ್ಲ ಹೋದ ಮೇಲೆ, ಖಾಲಿ ಹಾಸಿಗೆಯ ಮುಂದೆ ನಿಂತು "ಅಣ್ಣಾ" ಎಂದಳು. ಕೇಳಿಸಿಕೊಂಡವಳು ನಾನೊಬ್ಬಳೇ.