ಎದುರುಮನೆ ಕಾಕಾನ ಮೂರು ಸಾವು

ಶಾಲೆಯ ನಾಟಕಕ್ಕೆಂದು ಮೊನ್ನೆ ಮೊಮ್ಮಗಳು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿ ಮುಖಕ್ಕೆ ಹಚ್ಚಿಕೊಂಡು ನನ್ನ ಪಕ್ಕ ಬಂದು ಕುಳಿತಳು. ಟಿವಿಯಲ್ಲಿ ಧಾರಾವಾಹಿಗಳ ಪ್ರಶಸ್ತಿ ಸಮಾರಂಭ ನಡೆದಿತ್ತು. "ಅಜ್ಜಾ, ಪೋಷಕ ನಟ ಯಾರ ಆಗಬೇಕು? ನಿನ್ನ ಓಟು ಯಾರಿಗೆ?" ಎಂದಳು. ಆ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ನಾಟಕದ ರಾತ್ರಿಯೊಂದು ಕಣ್ಣಮುಂದೆ ಬಂತು. ಅಂಥ ಪ್ರಶಸ್ತಿಗೆ ಒಮ್ಮೆ ನಾನೂ ಒಬ್ಬನನ್ನು ಆರಿಸಿದ್ದೆ...

ಬೆಟಗೇರಿಯಲ್ಲಿ ನಮ್ಮ ಎದುರುಮನೆಯ ಕಾಕಾ ಆತ. ಹಗಲೆಲ್ಲ ಸೀರೆ ನೇಯುವುದು, ಸಂಜೆಯಾದರೆ ಓಣಿಯ ನಾಟಕ ಮಂಡಳಿ. ಇಪ್ಪತ್ತು ವರ್ಷ ಬಣ್ಣ ಹಚ್ಚಿದರೂ ಒಮ್ಮೆಯೂ ರಾಜನಾಗಲಿಲ್ಲ. ರಾಜನ ತಮ್ಮ, ಮಂತ್ರಿ, ದೂತ, ಅಷ್ಟೇ. ಆಗೆಲ್ಲ ಊರ ಸಾಹುಕಾರರು ರಂಗದ ಮೇಲೆಯೇ ನಟರ ಎದೆಗೆ ಬೆಳ್ಳಿ ಪದಕ ಚುಚ್ಚುತ್ತಿದ್ದರು. ರಾಜನಿಗೊಂದು, ರಾಣಿಗೊಂದು. ಕಾಕಾ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಕನ್ನಡ ನಾಡು ಒಂದಾದ ವರ್ಷ, ಆ ಸಂಭ್ರಮದ ನಾಟಕದಲ್ಲಿ ಎರಡನೇ ಪಾತ್ರಕ್ಕೂ ಒಂದು ಪದಕ ಇಟ್ಟರು. ಆರಿಸುವವನು ನಾನು. ಹೊಸದಾಗಿ ಶಾಲಾ ಮಾಸ್ತರನಾಗಿದ್ದೆ. ನಾಲ್ಕಕ್ಷರ ಕಲಿತವನೆಂಬ ಸೊಕ್ಕೂ ಇತ್ತು. ಯುದ್ಧದಲ್ಲಿ ಅಣ್ಣನಿಗಾಗಿ ಹಾಡುತ್ತ ಸಾಯುವ ತಮ್ಮನ ಪಾತ್ರ ಕಾಕಾನದು. "ಈ ಸಲ ಪದಕ ನಂದ ನೋಡಲೇ!" ಎಂದು ಮಗ್ಗದ ಮುಂದೆ ಕುಳಿತೇ ಕೂಗುತ್ತಿದ್ದ.

ನಾಟಕದ ದಿನ ಕಾಕಾನ ಹೆಂಡತಿ ಕಾಕು ನಮ್ಮ ಬಾಗಿಲಿಗೆ ಬಂದಳು. "ತಮ್ಮಾ, ಎರಡ ತಿಂಗಳಾತು, ಅವರಿಗೆ ಎದಿ ಹಿಡಕೋತೈತಿ. ಡಾಕ್ಟರು ಹಾಡಬ್ಯಾಡಂದಾರ, ಕೇಳವಲ್ರು. ಒಂದ ಸಲ ಹಾಡಿ ಮುಗಸ್ಲಿ. ಮಂದಿ ವನ್ಸ್‌ಮೋರ್ ಅಂದ್ರ ನೀ ಎದ್ದು ನಿಂತು ಬ್ಯಾಡನ್ನು. ಮಾಸ್ತರ ಮಾತು ಕೇಳ್ತಾರ."

"ಆತು ಕಾಕು, ಕಾಳಜಿ ಮಾಡಬ್ಯಾಡ್ರಿ," ಎಂದೆ.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಂದಿ ವನ್ಸ್‌ಮೋರ್ ಎಂದರೆ ಹಾಡಿದ್ದನ್ನು ಮತ್ತೆ ಹಾಡಲೇಬೇಕು. ಹಾಡುತ್ತ ಸತ್ತವನೂ ಎದ್ದು, ಮೈ ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯಬೇಕು. ನಮಗದು ತಮಾಷೆ ಅನಿಸುತ್ತಿರಲಿಲ್ಲ. ನಟನಿಗೆ ಮಾಡುವ ಮರ್ಯಾದೆ ಅದು.

ಕಾಕಾ ಅಂದು ಹಾಡಿದ್ದು... ಅಯ್ಯೋ, ಏನು ಹೇಳಲಿ! ಹಿರೇಹಂದಿಗೋಳದಿಂದ ಚಕ್ಕಡಿ ಕಟ್ಟಿಕೊಂಡು ಬಂದ ಮುದುಕರೂ ಅತ್ತರು. ಆತ ಸತ್ತು ಬಿದ್ದೊಡನೆ ನಾನು ಮನಸ್ಸಿನಲ್ಲೇ ಪದಕ ಕೊಟ್ಟುಬಿಟ್ಟೆ. ಮಂದಿ ವನ್ಸ್‌ಮೋರ್ ಎಂದು ಕೂಗಿತು. ನಾನು ಎದ್ದು ನಿಂತೆ, ಖರೆ. ಆದರೆ ನನ್ನ ಬಾಯಿಂದ ಬಂದದ್ದೂ ಅದೇ, ವನ್ಸ್‌ಮೋರ್! ಹಾಳು ಬಾಯಿ. ಕಾಕಾ ನನ್ನತ್ತ ನೋಡಿ, ನಕ್ಕು, ಎದ್ದ. ಮತ್ತೆ ಹಾಡಿ ಬಿದ್ದ. ಮೂರನೇ ಸಲ ದನಿ ಒಡೆದಿತ್ತು. ಅದನ್ನೂ ಅಭಿನಯವೆಂದುಕೊಂಡು ಇನ್ನಷ್ಟು ಮೆಚ್ಚಿದೆವು. ನಾಲ್ಕನೆಯದಕ್ಕೆ ಕೂಗಿದಾಗ ಆತ ಏಳಲಿಲ್ಲ. ಚಪ್ಪಾಳೆ ಬಹಳ ಹೊತ್ತು ನಡೆದೇ ಇತ್ತು. ಕಡೆಗೆ ರಾಜನ ಪಾತ್ರದವನು ಬಗ್ಗಿ, ಮುಟ್ಟಿ ನೋಡಿ, "ಪರದೆ ಎಳೀರೋ!" ಎಂದು ಚೀರಿದ.

ಮರುದಿನ ಪದಕವನ್ನು ನಾನೇ ಒಯ್ದು ಕೊಟ್ಟೆ. ಕಾಕು ಅದನ್ನು ಆತನ ಎದೆಗೆ ಚುಚ್ಚಿಯೇ ಮಣ್ಣಿಗೆ ಕಳಿಸಿದಳು.

ಆಮೇಲೆ ಎಷ್ಟೋ ವರ್ಷ ಬದುಕಿದ್ದಳು. ಅಂದು ಹೆಂಗಸರ ಸಾಲಿನಲ್ಲಿ ಕುಳಿತು ನನ್ನ ಕೂಗು ಕೇಳಿದ್ದಳೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. "ಚಾ ಕುಡದು ಹೋಗು ತಮ್ಮಾ," ಎಂದು ಕರೆಯುತ್ತಿದ್ದಳು. ಕುಡಿದು, ಸುಮ್ಮನೆ ಎದ್ದು ಬರುತ್ತಿದ್ದೆ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ತಪ್ಪಾಯಿತು ಕಾಕು ಎನ್ನುವ ಧೈರ್ಯ ಈ ಇಳಿವಯಸ್ಸಿನಲ್ಲಿ ಬಂದಿದೆ. ಕೇಳಲು ಅವಳಿಲ್ಲ.