ನರ್ಸಮ್ಮನ ನೀಲಿ ಔಷಧಿ

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆಂದು ಬೆರಳು ಚಾಚಿದಾಗ ಹತ್ತಿಯಲ್ಲಿದ್ದ ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತು. ಸೂಜಿ ಚುಚ್ಚುವ ಮೊದಲೇ ನನ್ನ ಕಣ್ಣಲ್ಲಿ ನೀರು. ಲ್ಯಾಬಿನ ಹುಡುಗಿ ನಕ್ಕಳು. ನನಗೆ ನೆನಪಾಗಿದ್ದು ನಮ್ಮೂರಿನ ನರ್ಸಮ್ಮ...

ಎಪ್ಪತ್ತರ ದಶಕದ ಕೊನೆ. ಸಕ್ಕರೆ ಕಾಯಿಲೆ ಪಟ್ಟಣದವರಿಗೆ ಬರುವಂಥದ್ದು ಎಂದೇ ಹಾಲ್ಕುರಿಕೆ ಪಕ್ಕದ ನಮ್ಮೂರಿನವರ ನಂಬಿಕೆ. ನರ್ಸಮ್ಮ ಮಾತ್ರ ನಲವತ್ತು ದಾಟಿದವರಿರುವ ಮನೆಗಳನ್ನೆಲ್ಲ ಹುಡುಕಿಕೊಂಡು ಬರುತ್ತಿದ್ದರು. ಜಗಲಿಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಕೆಯ ನೀಲಿ ಔಷಧಿಗೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸುತ್ತಿದ್ದರು. ನೀಲಿಯಾಗಿಯೇ ಉಳಿದರೆ ಸರಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ. ಊಟ, ನಡಿಗೆ, ಪಾದದ ಆರೈಕೆ... ಹೇಳಿದ್ದನ್ನೇ ಬೇಸರವಿಲ್ಲದೆ ಹೇಳುವ ಹೆಂಗಸು. ಬೆನ್ನ ಹಿಂದೆ ನಾವು 'ಉಚ್ಚೆ ನರ್ಸಮ್ಮ' ಎಂದು ಆಡಿಕೊಳ್ಳುತ್ತಿದ್ದೆವು.

ಅಪ್ಪ ಆ ವರ್ಷ ತೀರಾ ಇಳಿದುಹೋಗಿದ್ದರು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಬಚ್ಚಲ ಮೋರಿಗೆ ಇರುವೆಗಳು ಮುತ್ತುತ್ತಿದ್ದವು. ಅಮ್ಮನಿಗೆ ಅನುಮಾನವಿತ್ತು. ಆದರೆ ಕಂದಿಕೆರೆಯ ಗಂಡಿನ ಕಡೆಯವರು ನನ್ನನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಮನೆತನದಲ್ಲಿ ಕಾಯಿಲೆಯಿದೆ ಎಂದು ಗೊತ್ತಾದರೆ ಸಂಬಂಧ ಮುರಿಯುತ್ತಿತ್ತು. ಅಪ್ಪನ ಮೂತ್ರ ಹಿಡಿದು ಕೊಡಲೆಂದು ನರ್ಸಮ್ಮ ಕೊಟ್ಟ ಖಾಲಿ ಸೀಸೆಯನ್ನು ಅಮ್ಮ ನನ್ನ ಕೈಗೆ ತುರುಕಿದಳು.

"ನಿಂದೇ ಕೊಟ್ಬುಡು ಕಣೇ. ಮದ್ವೆ ಆಗ್ಲಿ, ಆಮೇಲೆ ನೋಡ್ಕೊಳಾನ."

ಕೊಟ್ಟೆ. ನನಗೂ ಆ ಮದುವೆ ಬೇಕಿತ್ತು. ಔಷಧಿ ನೀಲಿಯಾಗಿಯೇ ಉಳಿಯಿತು. ನರ್ಸಮ್ಮ ನಳಿಕೆ ನೋಡಿದರು, ಅಪ್ಪನ ಮುಖ ನೋಡಿದರು. "ನಂಗ್ಯಾಕೋ ಸಮಾಧಾನ ಇಲ್ಲ ಕಣಕ್ಕ, ಇನ್ನೊಂದ್ಸಲ ನೋಡಾನ" ಎಂದರು. "ಇಲ್ಲದ ಕಾಯ್ಲೆ ಅಂಟಿಸ್ಬ್ಯಾಡಿ" ಎಂದು ಅಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಅವರು ದೀಪ ಆರಿಸಿ ಎದ್ದು ಹೋದರು.

ಮದುವೆಯಾಯಿತು. ಅಮ್ಮ ಹೇಳಿದ 'ಆಮೇಲೆ' ಬರಲೇ ಇಲ್ಲ. ಮರುವರ್ಷ ಅಟ್ಟದ ಕೊಬ್ಬರಿ ಇಳಿಸಿ ಚಿಪ್ಪು ಒಡೆಸುತ್ತಿದ್ದಾಗ, ಬರಿಗಾಲಲ್ಲಿ ಓಡಾಡುತ್ತಿದ್ದ ಅಪ್ಪನ ಹಿಮ್ಮಡಿಗೆ ಚೂರೊಂದು ಹೊಕ್ಕಿತು. ಪಾದ ಮರಗಟ್ಟಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಅಂಗಳದಲ್ಲಿ ರಕ್ತದ ಹೆಜ್ಜೆಗಳನ್ನು ಕಂಡು ಆಳೊಬ್ಬ ಕೂಗಿಕೊಂಡ. ಗಾಯ ಮಾಯಲಿಲ್ಲ, ಕೊಳೆಯಿತು. ದೊಡ್ಡಾಸ್ಪತ್ರೆಗೆ ಸೇರಿಸುವಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಅಪ್ಪ ಉಳಿಯಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ನರ್ಸಮ್ಮ ಬಂದರು. "ನಂದೇ ತಪ್ಪು ಕಣವ್ವ. ಔಷ್ದಿ ಹಳೇದಾಗಿತ್ತೋ, ನಾನೇ ಸರಿಯಾಗಿ ಕಾಯಿಸ್ಲಿಲ್ವೋ..." ಎಂದು ನನ್ನ ಕೈ ಹಿಡಿದು ಅತ್ತರು. ಅಮ್ಮ ನನ್ನತ್ತ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ದಿನಕ್ಕೇ ಅವರಿಗೆ ವರ್ಗವಾಯಿತು.

ಮೊನ್ನೆ ಧೈರ್ಯ ಮಾಡಿ, ಚಿಕ್ಕನಾಯಕನಹಳ್ಳಿಯಲ್ಲಿ ಅವರ ಮನೆ ವಿಚಾರಿಸಿಕೊಂಡು ಹೋದೆ. ನರ್ಸಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ತಂಗಿ ಕೂರಿಸಿ ಕಾಫಿ ಕೊಟ್ಟರು.

"ನಮ್ಮಕ್ಕ ಕೆಲಸ ಬಿಡೋಗಂಟ ಎಲ್ಲಾರ್ದೂ ಎರಡೆರಡು ಸಲ ಕಾಯಿಸಿ ನೋಡೋರು ಕಣ್ರೀ. ಯಾವ್ದೋ ಮನೇಲಿ ನನ್ನಿಂದ ಒಂದು ಜೀವ ಹೋಯ್ತು ಅಂತ ಸಾಯೋಗಂಟ ಕೊರಗಿದ್ರು."

ಆ ಮನೆ ನಮ್ಮದು ಎಂದು ಆಗಲಾದರೂ ಹೇಳಬಹುದಿತ್ತು. ಕಾಫಿ ಕುಡಿದು ಎದ್ದು ಬಂದೆ.