ಎತ್ತಿನ ಹಲ್ಲೂ ಭೂಮಿಯ ಸೆಳೆತವೂ

ಕಳೆದ ವಾರ ಹಿರೇಕೆರೂರಿನ ದನದ ಸಂತೆಯಲ್ಲಿ ನಾನು ಸೋತೆ. ಹೌದು, ನಾನೇ! ಹಾನಗಲ್ಲಿನಿಂದ ಸವಣೂರಿನ ತನಕ ಚೌಕಾಶಿಯಲ್ಲಿ ನನ್ನನ್ನು ಮಣಿಸಿದವರು ಯಾರಿದ್ದಾರೆ? (ಮನೆಯವಳನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ಹಿಂದಿನ ದಿನ ಹಿತ್ತಲಲ್ಲಿ ಮಾವಿನಕಾಯಿಯೊಂದು ದೊಪ್ಪನೆ ಬಿತ್ತು. ಹೈಸ್ಕೂಲಿನ ಮಗಳು ಶಾಂತಾ ಸೈನ್ಸ್ ಪುಸ್ತಕದಿಂದ ತಲೆಯೆತ್ತಿದಳು.

"ಅಪ್ಪಾ, ಭೂಮಿ ಕಾಯಿನ ಎಳೀತು. ಕಾಯಿನೂ ಭೂಮಿನ ಅಷ್ಟ ಜೋರಿಲೆ ಎಳೀತೈತಂತ!"

"ಹುಚ್ಚಿ, ಹಂಗಾರ ಭೂಮಿ ಯಾಕ ಮ್ಯಾಲ ಬರ್ಲಿಲ್ಲ?"

"ಅದು ಭಾಳ ದೊಡ್ಡದಲ್ಲ, ಸರಿದದ್ದು ಕಾಣಂಗಿಲ್ಲ."

ನಕ್ಕೆ. ವ್ಯಾಪಾರವೂ ಇಷ್ಟೇ ಅಲ್ಲವೇ? ಭೂಮಿಯಂತೆ ಗಟ್ಟಿಯಾಗಿ ಕೂತರೆ ಎದುರಿನವನೇ ಬಂದು ಬೀಳುತ್ತಾನೆ.

ಮೊದಲ ಮಳೆಗೆ ಹೊಲ ಹದಕ್ಕೆ ಬಂದಿತ್ತು. ನನ್ನ ಜೋಡಿಯಲ್ಲಿ ಒಂದು ಎತ್ತು ಕಾಲು ಮುರಿದುಕೊಂಡು ಮಲಗಿತ್ತು. ಆ ಸಂತೆ ತಪ್ಪಿದರೆ ಬಿತ್ತನೆಯೇ ತಪ್ಪುತ್ತಿತ್ತು.

ಮಾಸೂರಿನ ಫಕೀರಪ್ಪಜ್ಜ ಬಿಳಿ ಎತ್ತೊಂದನ್ನು ಹಿಡಿದು ಕುಳಿತಿದ್ದ. ಉಳಿದ ನನ್ನ ಎತ್ತಿಗೆ ಒಡಹುಟ್ಟಿದಂತಿತ್ತು. ಬಾಯಿ ತೆರೆಸಿ ಹಲ್ಲು ನೋಡಿದೆ. ಒಳ್ಳೇ ಪ್ರಾಯ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟೆವು. (ದನದ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳೆಂದರೆ ಹತ್ತು ಸಾವಿರ.) ಅಜ್ಜ ಐದು ಬೆರಳು ಹಿಡಿದ. ನಾನು ಮೂರೇ ಹಿಡಿದೆ. ಅವನು ಮತ್ತೆ ಐದೇ. ಐಬು ಹುಡುಕಲು ಇನ್ನೊಮ್ಮೆ ಹಲ್ಲು ನೋಡಿದೆ. ಸಿಗಲಿಲ್ಲ. ಮಗದೊಮ್ಮೆ ನೋಡಿದೆ.

"ಬ್ಯಾಡ ಬಿಡು ಅಜ್ಜಾ" ಎಂದು ಎದ್ದೆ. ಇದು ನನ್ನ ಹಳೇ ಪಟ್ಟು. ಹತ್ತು ಹೆಜ್ಜೆಯೊಳಗೆ ಹಿಂದಿನಿಂದ "ಬರ್ರಿ, ಬರ್ರಿ" ಎಂಬ ಕೂಗು ಬರಲೇಬೇಕು.

ಬರಲಿಲ್ಲ. ಇಪ್ಪತ್ತು ಹೆಜ್ಜೆ ನಡೆದೆ. ಚಹಾ ಕುಡಿದೆ. ತಿರುಗಿ ನೋಡಿದರೆ ಅಜ್ಜ ಆರಾಮಾಗಿ ಎಲೆಗೆ ಸುಣ್ಣ ಸವರುತ್ತಿದ್ದ. ತಡಸದ ಗಿರಾಕಿಯೊಬ್ಬ ನನ್ನ ಎತ್ತಿನ (ಆಗಲೇ ನನ್ನದಾಗಿತ್ತು ನೋಡಿ!) ಬೆನ್ನು ಸವರುತ್ತಿದ್ದ.

ಕಾಲು ತಾನಾಗಿಯೇ ತಿರುಗಿತು. ಓಡಿ ಬಂದು ಐದೂ ಬೆರಳಿಗೆ ಒಪ್ಪಿದೆ.

ಹಗ್ಗ ಕೈಗೆ ಬಂದ ಮೇಲೆ ಕೇಳಿದೆ: "ಅಜ್ಜಾ, ನಾ ಹೊಳ್ಳಿ ಬರ್ತೇನಂತ ನಿನಗ ಗೊತ್ತಿತ್ತೇನ?"

"ಮೂರ್ ಸಲ ಹಲ್ಲು ಎಣಿಸಿದವ್ರು ಎಲ್ಲಿಗ್ ಹೋಗ್ತಾರ್ರಿ ಸಾವ್ಕಾರ್ರ?" ಅಜ್ಜ ಎಲೆ ಅಗಿಯುತ್ತ ನಕ್ಕ. "ಖರೇ ಹೇಳ್ಲ್ಯಾ? ಇವತ್ತ ಮಾರ್ಲಿಲ್ಲಂದ್ರ ನನಗೂ ನಡೀತಿದ್ದಿಲ್ಲ. ಸುಮ್ಮ ಕುಂತೆ, ಅಷ್ಟ."

ಅಂದರೆ ಅವನೂ ಅಷ್ಟೇ ಜೋರಾಗಿ ನನ್ನತ್ತ ಎಳೆಯಲ್ಪಡುತ್ತಿದ್ದ! ಸರಿದದ್ದು ಕಾಣಲಿಲ್ಲ, ಅಷ್ಟೇ.

ಬಿತ್ತನೆ ಮುಗಿಯಿತು, ಎತ್ತು ಬಂಗಾರದಂಥದು. ಹಾಗಾಗಿ ಈ ಸೋಲು ನನಗೆ ಭಾರವಲ್ಲ. ನಿಮಗೆ ಮಾತ್ರ ಒಂದು ಬುದ್ಧಿಮಾತು: ಎತ್ತು ಎಷ್ಟೇ ಮನಸ್ಸಿಗೆ ಬಂದಿರಲಿ, ಹಲ್ಲು ಒಂದೇ ಸಲ ನೋಡಿ.